384 ಎಂಬ ಸಂಖ್ಯೆ ಎಲ್ಲಿಂದ ಬಂತು, ನನ್ನ 391 ಸಾಕೇ?

ಪ್ರಶ್ನೆ: ಸರ್, ನಾನು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಜಿಲ್ಲೆಯ ಪಿಯು ವಿದ್ಯಾರ್ಥಿಗಳ ಮೊಬೈಲ್ ಬಳಕೆ ಮತ್ತು ಓದುವ ಅಭ್ಯಾಸ ನನ್ನ ವಿಷಯ. ಜಿಲ್ಲೆಯಲ್ಲಿ 80 ಕಾಲೇಜುಗಳು, ಸುಮಾರು 18,000 ವಿದ್ಯಾರ್ಥಿಗಳಿದ್ದಾರೆ. ಗೈಡ್ ಒಂದು ಟೇಬಲ್ ತೋರಿಸಿ 384 ಸ್ಯಾಂಪಲ್ ಇದ್ದರೆ ಸಾಕು ಎಂದರು. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ, 391 ಉತ್ತರ ಬಂದವು. ಅದರಲ್ಲಿ 243 ನಮ್ಮದೇ ಕಾಲೇಜಿನವರು, ಉಳಿದವರು ನನ್ನ ಇಬ್ಬರು ಗೆಳತಿಯರು ಕೆಲಸ ಮಾಡುವ ಕಾಲೇಜಿನವರು. ಆ ಎರಡರಲ್ಲಿ ಒಂದು ಮಹಿಳಾ ಕಾಲೇಜು. ಹುಡುಗ–ಹುಡುಗಿಯರ ಮೊಬೈಲ್ ಬಳಕೆಯಲ್ಲಿ ವ್ಯತ್ಯಾಸ ಇದೆ, ಪಿ ವ್ಯಾಲ್ಯೂ 0.03 ಬಂದಿದೆ. ಆದರೆ ಪ್ರಗತಿ ಪರಿಶೀಲನೆಯ ದಿನ ಹೊರಗಿನಿಂದ ಬಂದಿದ್ದ ಒಬ್ಬ ಸದಸ್ಯರು, ‘ಇದು ಯಾದೃಚ್ಛಿಕ ಮಾದರಿಯೇ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. 384 ಎಲ್ಲಿಂದ ಬಂತು? ನನ್ನ 391 ಸಾಕೋ, ಸಾಲದೋ?

ಉತ್ತರ:

ಮೇಡಂ, ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಈ 391 ಉತ್ತರಗಳನ್ನು ಇಟ್ಟುಕೊಂಡು ಜಿಲ್ಲೆಯ 18,000 ವಿದ್ಯಾರ್ಥಿಗಳು ಹೀಗೆ ಎಂದು ಹೇಳಲು ಬರುವುದಿಲ್ಲ. ಇನ್ನೂ ಎರಡು ಸಾವಿರ ಮಕ್ಕಳು ಅದೇ ಲಿಂಕ್ ತೆರೆದು ತುಂಬಿ ಕಳಿಸಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡಿ, ನೀವು ಪಟ್ಟ ಶ್ರಮ ದಂಡವಾಗಿಲ್ಲ. ಅದನ್ನು ಹೇಗೆ ಉಳಿಸಿಕೊಳ್ಳಬಹುದು ಎಂದು ಕೊನೆಗೆ ಬರೆದಿದ್ದೇನೆ. ಅದಕ್ಕೂ ಮೊದಲು 384ರ ಗುಟ್ಟನ್ನು ಬಿಚ್ಚಿ ನೋಡೋಣ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಈ ಸಂಖ್ಯೆ ಕಂಡಾಗಲೆಲ್ಲ ನಾನು ಸಂಶೋಧಕರನ್ನು ‘ಇದು ಹೇಗೆ ಬಂತು?’ ಎಂದು ಕೇಳುತ್ತೇನೆ. ‘ಟೇಬಲ್‌ನಿಂದ ಬಂತು ಸರ್’ ಎನ್ನುತ್ತಾರೆ. ಟೇಬಲ್‌ಗೆ ಎಲ್ಲಿಂದ ಬಂತು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದು ಅವರ ತಪ್ಪಲ್ಲ, ಪಾಠ ಮಾಡುವ ನಮ್ಮ ತಪ್ಪು.

ನಿಮ್ಮ ಗೈಡ್ ತೋರಿಸಿದ್ದು 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಇಬ್ಬರು ಪ್ರಕಟಿಸಿದ ಟೇಬಲ್ ಇರಬೇಕು. ಒಂದು ಕಡೆ ಒಟ್ಟು ಜನಸಂಖ್ಯೆ, ಅದರ ಪಕ್ಕದಲ್ಲಿ ಬೇಕಾದ ಸ್ಯಾಂಪಲ್. 100 ಜನರಿದ್ದರೆ 80, ಸಾವಿರಕ್ಕೆ 278, ಹತ್ತು ಸಾವಿರಕ್ಕೆ 370, ಹತ್ತು ಲಕ್ಷಕ್ಕೆ 384. ನಿಮ್ಮ 18,000ಕ್ಕೆ ಅದೇ ಸೂತ್ರ ಹಾಕಿದರೆ 376 ಬರುತ್ತದೆ. ಈ ಟೇಬಲ್‌ನ ಹಿಂದೆ ಇರುವುದು ಹೈಸ್ಕೂಲು ಮಕ್ಕಳೂ ಮಾಡಬಹುದಾದ ಲೆಕ್ಕ. 1.96ನ್ನು 1.96ರಿಂದ ಗುಣಿಸಿ, 3.8416. ಅದನ್ನು 0.25ರಿಂದ ಗುಣಿಸಿ, 0.9604. ಅದನ್ನು 0.05ರ ವರ್ಗವಾದ 0.0025ರಿಂದ ಭಾಗಿಸಿ. 384.16 ಬಂತು. ಇಷ್ಟೇ.

ಈ ಲೆಕ್ಕದಲ್ಲಿರುವ ಒಂದೊಂದು ಅಂಕಿಯೂ ಯಾರೋ ಮಾಡಿಕೊಂಡ ಒಂದೊಂದು ತೀರ್ಮಾನ. 0.05 ಎಂದರೆ, ನನ್ನ ಉತ್ತರ ಶೇ 5ರಷ್ಟು ಆಚೀಚೆ ಆದರೂ ಪರವಾಗಿಲ್ಲ ಎಂದು ಒಪ್ಪಿಕೊಂಡ ಹಾಗೆ. ‘ಶೇ 40 ಮಕ್ಕಳು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಮೊಬೈಲ್ ನೋಡುತ್ತಾರೆ’ ಎಂದು ಬಂದರೆ, ನಿಜ 35ರಿಂದ 45ರ ನಡುವೆ ಎಲ್ಲೋ ಇರಬಹುದು. 1.96 ಎಂದರೆ, ಹೀಗೆ ನೂರು ಸಲ ಬೇರೆ ಬೇರೆ ಸ್ಯಾಂಪಲ್ ತೆಗೆದು ಲೆಕ್ಕ ಹಾಕಿದರೆ ಸುಮಾರು 95 ಸಲ ನಿಜವಾದ ಸಂಖ್ಯೆ ನಾನು ಹೇಳಿದ ಆ ಅಂತರದೊಳಗೆ ಸಿಗಬೇಕು ಎಂಬ ಬಯಕೆ. ಇನ್ನು 0.25 ಬಂದದ್ದು ಅರ್ಧವನ್ನು ಅರ್ಧದಿಂದ ಗುಣಿಸಿ. ಹೌದು ಎನ್ನುವವರೂ ಇಲ್ಲ ಎನ್ನುವವರೂ ಸರಿಸಮ ಇದ್ದಾಗ ಅನಿಶ್ಚಿತತೆ ಅತಿ ಹೆಚ್ಚು. ಶೇ 10 ಜನ ಹೌದು, ಶೇ 90 ಜನ ಇಲ್ಲ ಎನ್ನುವಂತಿದ್ದರೆ 0.1 ಗುಣಿಸು 0.9, ಬರೀ 0.09; ಆಗ ಕಡಿಮೆ ಜನರೇ ಸಾಕು. ಉತ್ತರ ಏನು ಬರುತ್ತದೋ ಮೊದಲೇ ಗೊತ್ತಿಲ್ಲವಲ್ಲ, ಅದಕ್ಕೇ ಎಲ್ಲಕ್ಕಿಂತ ಕಷ್ಟದ ಸ್ಥಿತಿಯನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ.

ಆ ಶೇ 5 ಯಾವ ದೇವರು ಕೊಟ್ಟ ವರವೂ ಅಲ್ಲ. ಶೇ 10 ಆಚೀಚೆ ಆಗಲಿ ಎಂದರೆ 96 ಜನ ಸಾಕು. ಶೇ 3ರೊಳಗೆ ಬೇಕು ಎಂದರೆ 1,067. ಶೇ 2.5 ಬೇಕೆಂದರೆ 1,537. ತಪ್ಪನ್ನು ಅರ್ಧಕ್ಕೆ ಇಳಿಸಲು ಜನರನ್ನು ನಾಲ್ಕು ಪಟ್ಟು ಮಾಡಬೇಕು. ಎರಡು ಪಟ್ಟು ಸ್ಯಾಂಪಲ್ ತೆಗೆದರೆ ಎರಡು ಪಟ್ಟು ನಿಖರತೆ ಬರುತ್ತದೆಂದು ಎಷ್ಟೋ ಜನ ನಂಬಿದ್ದಾರೆ, ಅದು ಆಗುವುದಿಲ್ಲ.

ಒಟ್ಟು ಜನ ಹತ್ತು ಸಾವಿರ ಇದ್ದರೂ ಹತ್ತು ಲಕ್ಷ ಇದ್ದರೂ ಸ್ಯಾಂಪಲ್ ಹೆಚ್ಚು ಕಡಿಮೆ ಅಷ್ಟೇ ಏಕೆ ಎಂದು ತರಗತಿಯಲ್ಲಿ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಎಪಿಎಂಸಿ ಯಾರ್ಡಿಗೆ ಹೋಗಿ ನೋಡಿ. ಖರೀದಿದಾರ ಚೀಲದ ಬಾಯಿ ಬಿಚ್ಚಿಸುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೆ ಚುಚ್ಚುತ್ತಾನೆ, ಅದರೊಳಗಿಂದ ಜಾರಿ ಬಂದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ಜೊಳ್ಳೆಷ್ಟು, ಕಲ್ಲೆಷ್ಟು, ತೇವವೆಷ್ಟು ನೋಡುತ್ತಾನೆ. ಕಾಳು ಚೆನ್ನಾಗಿ ಬೆರೆತಿದ್ದರೆ ಚೀಲ 50 ಕಿಲೋದ್ದಾದರೂ ಒಂದೇ, ಕ್ವಿಂಟಲ್‌ನದ್ದಾದರೂ ಒಂದೇ, ಹಿಡಿ ಕಾಳು ಹೇಳುವ ಸುದ್ದಿ ಅಷ್ಟೇ ಖಾತ್ರಿ. ಖಾತ್ರಿ ಬರುವುದು ಹಿಡಿಯಲ್ಲಿ ಎಷ್ಟು ಕಾಳಿದೆ ಎಂಬುದರಿಂದ. ಚೀಲದಲ್ಲಿ ಎಷ್ಟು ಉಳಿದಿದೆ ಎಂಬುದರಿಂದ ಅಲ್ಲ.

ಆದರೆ ‘ಚೆನ್ನಾಗಿ ಬೆರೆತಿದ್ದರೆ’ ಎಂದೆನಲ್ಲ, ನಿಮ್ಮ ಕಷ್ಟವೆಲ್ಲ ಇರುವುದು ಅಲ್ಲೇ. ಕೆಳಗೆ ಜೊಳ್ಳು ತುಂಬಿ ಮೇಲೆ ಒಂದು ಪದರ ಒಳ್ಳೆಯ ಕಾಳು ಹಾಕಿದ ಚೀಲವನ್ನು ಕಂಡವರೇ ಕೊಳವೆಯನ್ನು ನಡುವಿಗೆ ಚುಚ್ಚುವುದನ್ನು ಕಲಿತದ್ದು. 384 ಎಂಬ ಲೆಕ್ಕ, 18,000 ಹೆಸರುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ದೊಡ್ಡ ಡ್ರಮ್ಮಿಗೆ ಹಾಕಿ, ಚೆನ್ನಾಗಿ ಕಲಕಿ, ಕಣ್ಣು ಮುಚ್ಚಿ 384 ಚೀಟಿ ಎತ್ತಿದ್ದೀರಿ ಎಂದು ನಂಬಿಕೊಂಡಿದೆ. ಯಾದೃಚ್ಛಿಕ ಮಾದರಿ ಎಂದರೆ ಅದೇ: ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇತ್ತು, ಆ ಅವಕಾಶ ಎಷ್ಟಿತ್ತು ಎಂದು ನಮಗೆ ಗೊತ್ತು, ಆರಿಸಿದ್ದು ನಮ್ಮ ಇಷ್ಟ ಅಲ್ಲ, ಚೀಟಿ. ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಕೇಳಿ ಅದಕ್ಕೆ ‘ರ‍್ಯಾಂಡಮ್’ ಎಂದು ಹೆಸರಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಿಕ್ಕವರನ್ನು ಕೇಳುವುದಕ್ಕೂ ಚೀಟಿ ಎತ್ತುವುದಕ್ಕೂ ಅಜಗಜಾಂತರ. ಹೊರಗಿನ ಸದಸ್ಯರು ನಿಮ್ಮನ್ನು ಕೇಳಿದ್ದು ಇದನ್ನೇ, ಮತ್ತು ಸರಿಯಾಗಿಯೇ ಕೇಳಿದ್ದಾರೆ.

ಈಗ ನಿಮ್ಮ ಫಾರ್ಮ್ ಯಾರಿಗೆ ತಲುಪಿತು ಯೋಚಿಸಿ. ಸ್ವಂತ ಫೋನ್ ಇರುವವರಿಗೆ, ಇಲ್ಲವೇ ಮನೆಯವರ ಸ್ಮಾರ್ಟ್‌ಫೋನ್ ಕೈಗೆ ಸಿಗುವವರಿಗೆ. ಡೇಟಾ ಪ್ಯಾಕ್ ಮುಗಿಯದವರಿಗೆ. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಇರುವವರಿಗೆ. ಅವರಲ್ಲೂ ಲಿಂಕ್ ಕಂಡೊಡನೆ ತೆರೆಯುವಷ್ಟು ಹೊತ್ತು ಫೋನ್ ಹಿಡಿದು ಕೂತವರೇ ಮೊದಲು ಉತ್ತರಿಸಿದರು. ಸಂಜೆ ದನ ಕಟ್ಟಿ, ಅಡುಗೆಗೆ ಕೈ ಕೊಟ್ಟು, ಅಪ್ಪ ಹೊಲದಿಂದ ಬಂದ ಮೇಲೆ ಹತ್ತು ನಿಮಿಷ ಫೋನ್ ಸಿಗುವ ಹುಡುಗಿ ನಿಮ್ಮ 391ರಲ್ಲಿ ಎಷ್ಟು ಜನ ಇದ್ದಾರೆ? ನೀವು ಅಳೆಯಹೊರಟಿದ್ದು ಮೊಬೈಲ್ ಬಳಕೆ. ಅಳೆಯಲು ಹಿಡಿದ ಸೇರು ಮೊಬೈಲೇ ಆಗಿಬಿಟ್ಟಿತು. ಬೇರೆ ವಿಷಯದ ಸಂಶೋಧನೆಗೆ ಗೂಗಲ್ ಫಾರ್ಮ್‌ನಿಂದ ಆಗುವ ಹಾನಿಗಿಂತ ನಿಮ್ಮ ವಿಷಯಕ್ಕೆ ಆಗುವ ಹಾನಿ ಹೆಚ್ಚು, ಏಕೆಂದರೆ ಹೊರಗುಳಿದವರು ಹೊರಗುಳಿದ ಕಾರಣವೂ ನೀವು ಅಳೆಯುವ ವಿಷಯವೂ ಒಂದೇ.

ಇಂಥದ್ದೇ ಪ್ರಮಾದ 1936ರಲ್ಲಿ ಅಮೆರಿಕದಲ್ಲಿ ಆಯಿತು, ಅದೂ ಬಹಳ ದೊಡ್ಡ ಮಟ್ಟದಲ್ಲಿ. ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ಲ್ಯಾಂಡನ್ ನಿಂತಿದ್ದರು. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ ಅಭಿಪ್ರಾಯ ಕೇಳಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಸುಲಭವಾಗಿ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಸುಮಾರು ಶೇ 61 ಮತ ಪಡೆದು, 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅದರ ಒಂದು ಸಣ್ಣ ಪಾಲಿನಷ್ಟು ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದಿದ್ದರು. ಡೈಜೆಸ್ಟ್ ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಫೋನ್, ಕಾರು ಇದ್ದವರು ಯಾರು ಎಂದು ಹೇಳಬೇಕಿಲ್ಲ. ಇಷ್ಟೇ ಅಲ್ಲ, ಮತಪತ್ರ ಪಡೆದ ನಾಲ್ವರಲ್ಲಿ ಮೂವರು ಉತ್ತರ ಬರೆಯಲೇ ಇಲ್ಲ. ಸುಮ್ಮನಿದ್ದವರು ಉತ್ತರಿಸಿದವರ ಹಾಗೆ ಇರಲಿಲ್ಲ. 1938ರಲ್ಲಿ ಪತ್ರಿಕೆಯೇ ಮುಚ್ಚಿತು. 23 ಲಕ್ಷದ ಎದುರು ನಿಮ್ಮ 391 ಏನು, ನಾನು ಹೇಳಿದ ಎರಡು ಸಾವಿರ ಏನು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮ. ಸಂಖ್ಯಾಶಾಸ್ತ್ರ ಓದಿದವರೂ ಇಲ್ಲಿ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗೂಗಲ್ ಫಾರ್ಮ್ ಬಿಟ್ಟು ಕಾಗದದ ಪ್ರಶ್ನಾವಳಿ ಹಿಡಿದು, ಮೂರು ಕಾಲೇಜಿಗೆ ಹೋಗಿ, ಒಂದೊಂದರಲ್ಲಿ ಚೀಟಿ ಎತ್ತಿಯೇ 130 ಮಕ್ಕಳನ್ನು ಕೇಳಿದಿರಿ ಎಂದುಕೊಳ್ಳೋಣ. ಆಗಲಾದರೂ 390 ಆಯಿತಲ್ಲ? ಆಗಲಿಲ್ಲ. ಮತ್ತೆ ಯಾರ್ಡಿಗೆ ಬನ್ನಿ. ಎಂಬತ್ತು ರೈತರ ಚೀಲಗಳು ಸಾಲಾಗಿ ಇವೆ. ಮೂರು ಚೀಲಗಳಿಂದ ತಲಾ ನೂರಾ ಮೂವತ್ತು ಹಿಡಿ ಕಾಳು ತೆಗೆದವನಿಗೆ ಆ ಮೂರು ಚೀಲದ ಕಾಳು ಹೇಗಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ, ಉಳಿದ ಎಪ್ಪತ್ತೇಳರ ಸುದ್ದಿ ಗೊತ್ತಾಗುವುದಿಲ್ಲ. ಒಂದೇ ಹೊಲದ ಕಾಳು ಒಂದೇ ಥರ. ಒಂದೇ ಕಾಲೇಜಿನ ಮಕ್ಕಳೂ ಹಾಗೆಯೇ. ಅದೇ ಉಪನ್ಯಾಸಕರು, ಅದೇ ಲೈಬ್ರರಿ, ಗೇಟಿನ ಹತ್ತಿರ ಫೋನ್ ಕಸಿದುಕೊಳ್ಳುವ ಅದೇ ಪ್ರಿನ್ಸಿಪಾಲರು, ಒಂದೇ ಬಸ್ಸಿನಲ್ಲಿ ಬರುವ ಗೆಳೆಯರು. ಹತ್ತನೆಯ ಹುಡುಗನನ್ನು ಕೇಳುವ ಹೊತ್ತಿಗೆ ಹನ್ನೊಂದನೆಯವನ ಉತ್ತರ ಅರ್ಧ ಊಹಿಸಬಹುದು.

ಈ ಹೋಲಿಕೆಗೆ ಒಂದು ಅಳತೆ ಇದೆ. ಸೊನ್ನೆ ಎಂದರೆ ಒಂದೇ ಕಾಲೇಜಿನ ಇಬ್ಬರಿಗೂ ಬೇರೆ ಕಾಲೇಜಿನ ಇಬ್ಬರಿಗೂ ವ್ಯತ್ಯಾಸವಿಲ್ಲ, ಒಂದು ಎಂದರೆ ಒಂದು ಕಾಲೇಜಿನವರೆಲ್ಲ ಅಚ್ಚು ಹಾಕಿದಂತೆ ಒಂದೇ. ನಿಮ್ಮ ವಿಷಯದಲ್ಲಿ ಅದು 0.1 ಎಂದು ಇಟ್ಟುಕೊಂಡು ಲೆಕ್ಕ ಮಾಡೋಣ. ನೋಡಲು ಚಿಕ್ಕ ಸಂಖ್ಯೆ. ಒಂದು ಕಾಲೇಜಿನಿಂದ ತೆಗೆದ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು, ಅದನ್ನು 0.1ರಿಂದ ಗುಣಿಸಿ, ಒಂದು ಕೂಡಿಸಿ. 129 ಗುಣಿಸು 0.1, ಕೂಡಿಸು 1, ಒಟ್ಟು 13.9. ನಿಮ್ಮ ಸ್ಯಾಂಪಲನ್ನು ಈ 13.9ರಿಂದ ಭಾಗಿಸಿ: 28. ಅಂದರೆ ಮೂರು ಕಾಲೇಜಿನ 390 ಮಕ್ಕಳು ಹೇಳುವ ಸುದ್ದಿ, ಇಡೀ ಜಿಲ್ಲೆಯಿಂದ ಚೀಟಿ ಎತ್ತಿ ಆರಿಸಿದ 28 ಮಕ್ಕಳು ಹೇಳುವ ಸುದ್ದಿಗೆ ಸಮ. ಶೇ 5 ಆಚೀಚೆ ಎಂದು ನೀವು ಬರೆಯುವ ಕಡೆ ನಿಜಕ್ಕೂ ಇರುವುದು ಶೇ 18.5 ಆಚೀಚೆ. ಅದೂ ಆ ಮೂರು ಕಾಲೇಜುಗಳನ್ನು ಚೀಟಿ ಎತ್ತಿ ಆರಿಸಿದ್ದರೆ. ನೀವು ಆರಿಸಿದ್ದು ಗೆಳೆತನದಿಂದ.

ಈಗ ಅಷ್ಟೇ ಮಕ್ಕಳನ್ನು ಬೇರೆ ರೀತಿ ಹಂಚಿ. 20 ಕಾಲೇಜು, ತಲಾ 20 ಮಕ್ಕಳು, ಒಟ್ಟು 400. 19 ಗುಣಿಸು 0.1, ಕೂಡಿಸು 1, ಅಂದರೆ 2.9. 400 ಭಾಗಿಸು 2.9, ಸುಮಾರು 138. ಇನ್ನೂ ಹರಡಿ 40 ಕಾಲೇಜಿನಿಂದ ತಲಾ 10 ಮಕ್ಕಳನ್ನು ತೆಗೆದರೆ 210. ಪ್ರಶ್ನಾವಳಿ ತುಂಬಿಸುವ ಶ್ರಮ ಒಂದೇ, ಬೆಲೆ 28ರಿಂದ 210ಕ್ಕೆ ಏರಿತು. ಓಡಾಟ ಮಾತ್ರ ಜಾಸ್ತಿ.

ಸರ್ಕಾರದ ದೊಡ್ಡ ಸಮೀಕ್ಷೆಗಳು ಈ ಕಾರಣಕ್ಕೇ ಹಳ್ಳಿ ಹಳ್ಳಿ ಅಲೆಯುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ದೇಶದ 707 ಜಿಲ್ಲೆಗಳಲ್ಲಿ 6,36,699 ಮನೆಗಳನ್ನು ಮಾತಾಡಿಸಿತು. ಹಾಗಿದ್ದೂ ಆರಿಸಿದ ಒಂದು ಹಳ್ಳಿಯಲ್ಲಿ ಅಥವಾ ನಗರದ ಒಂದು ಬ್ಲಾಕಿನಲ್ಲಿ ಪಟ್ಟಿಯಿಂದ ಎತ್ತಿದ್ದು 22 ಮನೆಗಳನ್ನು ಮಾತ್ರ. ತಂಡ ಹೇಗೂ ಊರಿಗೆ ಬಂದಿದೆ, ಇನ್ನೂ ನೂರು ಮನೆ ಕೇಳಿಬಿಡಬಹುದಿತ್ತಲ್ಲ? ಕೇಳಲಿಲ್ಲ, ಏಕೆಂದರೆ ಇಪ್ಪತ್ತಮೂರನೆಯ ಮನೆಗಿಂತ ಮುಂದಿನ ಊರಿನ ಮೊದಲ ಮನೆ ಹೊಸ ಸುದ್ದಿ ಹೇಳುತ್ತದೆ.

ಈ ವಿದ್ಯೆ ನಮ್ಮ ದೇಶದಲ್ಲೇ ಬಹಳಷ್ಟು ಬೆಳೆದದ್ದು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಅಭಿಮಾನದಿಂದಲೇ ಹೇಳುತ್ತೇನೆ. ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಸ್ಯಾಂಪಲ್ ಮೂಲಕ ಅಂದಾಜು ಮಾಡಲು ಹೊರಟರು. ಮೊದಲು ಸಣ್ಣದಾಗಿ ಮಾಡಿ ನೋಡುವುದು, ಎಡವಿದ್ದನ್ನು ತಿದ್ದಿಕೊಂಡು ಮುಂದಿನ ವರ್ಷ ಹಿಗ್ಗಿಸುವುದು ಅವರ ಕ್ರಮ. ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ಸ್ಯಾಂಪಲ್ ತೆಗೆದು ಎರಡು ಬೇರೆ ತಂಡಗಳನ್ನು ಕಳಿಸುತ್ತಿದ್ದರು. ಎರಡೂ ತಂಡದ ಉತ್ತರ ದೂರ ದೂರ ಬಂದರೆ ಹೊಲದ್ದಷ್ಟೇ ಅಲ್ಲ, ಅಳೆದವರ ತಪ್ಪೂ ಸೇರಿದೆ ಎಂದು ಗೊತ್ತಾಗುತ್ತಿತ್ತು. ನೀವೂ ಇದನ್ನು ಸಣ್ಣದಾಗಿ ಮಾಡಬಹುದು: ಅರ್ಧ ಕಾಲೇಜುಗಳಿಗೆ ನೀವು, ಇನ್ನರ್ಧಕ್ಕೆ ನಿಮ್ಮ ಗೆಳತಿ. ಉಪನ್ಯಾಸಕಿಯೇ ‘ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೀರಿ?’ ಎಂದರೆ ಸ್ವಂತ ಕಾಲೇಜಿನ ಮಕ್ಕಳು ನಿಜ ಹೇಳುತ್ತಾರೆಯೇ? 243 ಉತ್ತರಗಳಲ್ಲಿ ಈ ಸಂಕೋಚವೂ ಬೆರೆತಿದೆ.

ಪಿ ವ್ಯಾಲ್ಯೂ 0.03 ವಿಷಯಕ್ಕೆ ಬರುತ್ತೇನೆ. ಇದರ ಅರ್ಥ ‘ವ್ಯತ್ಯಾಸ ಇರುವುದು ಶೇ 97 ಖಚಿತ’ ಎಂದು ಬಹಳ ಜನ ಬರೆಯುತ್ತಾರೆ. ಅದು ತಪ್ಪು. ಜಿಲ್ಲೆಯಲ್ಲಿ ಹುಡುಗ–ಹುಡುಗಿಯರ ನಡುವೆ ನಿಜವಾಗಿ ಏನೂ ವ್ಯತ್ಯಾಸ ಇಲ್ಲ ಎಂದೇ ಇಟ್ಟುಕೊಂಡು, ಸರಿಯಾಗಿ ಚೀಟಿ ಎತ್ತಿದರೆ, ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ ಮೂರು ಸಲ ಕಾಣಬಹುದು. 0.03 ಹೇಳುವುದು ಇಷ್ಟನ್ನೇ. ‘ಸರಿಯಾಗಿ ಚೀಟಿ ಎತ್ತಿದರೆ’ ಎಂಬ ಷರತ್ತು ಇಲ್ಲೂ ಬಂತು. ಎತ್ತದಿದ್ದರೆ 0.03 ಯಾವುದರ ಸಂಭವ ಎಂದು ಹೇಳಲು ಯಾರಿಂದಲೂ ಆಗದು.

ನಿಮ್ಮದರಲ್ಲಿ ಇನ್ನೊಂದು ಗಂಟಿದೆ. ಮೂರರಲ್ಲಿ ಒಂದು ಮಹಿಳಾ ಕಾಲೇಜು. ಆ ಕಾಲೇಜಿನ ಆವರಣದಲ್ಲಿ ಫೋನ್ ನಿಷೇಧವಿದೆಯೇ? ಹಾಸ್ಟೆಲಿನ ಹುಡುಗಿಯರು ಹೆಚ್ಚೇ? ಹಾಗಿದ್ದರೆ ನೀವು ಕಂಡ ವ್ಯತ್ಯಾಸ ಹುಡುಗ–ಹುಡುಗಿಯರದ್ದೋ, ಕಾಲೇಜು–ಕಾಲೇಜಿನದ್ದೋ ಬೇರ್ಪಡಿಸಲು ಬರುವುದಿಲ್ಲ. ನಿಮ್ಮ ಕಾಲೇಜಿನ ಹುಡುಗರನ್ನು ನಿಮ್ಮದೇ ಕಾಲೇಜಿನ ಹುಡುಗಿಯರ ಜೊತೆ ಮಾತ್ರ ಹೋಲಿಸಿ ನೋಡಿ. ಅಲ್ಲಿ ಇಬ್ಬರಿಗೂ ಒಂದೇ ವಾತಾವರಣ, ಹೋಲಿಕೆ ಹೆಚ್ಚು ನ್ಯಾಯದ್ದು. ಅಂತರ ಅಲ್ಲೂ ಉಳಿದರೆ ಅದಕ್ಕೆ ಸ್ವಲ್ಪ ಬೆಲೆ ಇದೆ, ಮಾಯವಾದರೆ ನಿಮಗೇ ತಿಳಿಯಿತು. ಮತ್ತು ದಯವಿಟ್ಟು ಪಿ ವ್ಯಾಲ್ಯೂ ಜೊತೆ ಅಂತರ ಎಷ್ಟು ನಿಮಿಷ ಎಂದೂ ಬರೆಯಿರಿ. ದಿನಕ್ಕೆ ಎಂಟು ನಿಮಿಷದ ವ್ಯತ್ಯಾಸವೂ ಸ್ಯಾಂಪಲ್ ದೊಡ್ಡದಾದರೆ 0.03 ಕೊಡುತ್ತದೆ; ಆ ಎಂಟು ನಿಮಿಷಕ್ಕಾಗಿ ಯಾವ ತಾಯಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅಂದಹಾಗೆ, ಎರಡು ಗುಂಪು ಹೋಲಿಸುವ ಪ್ರಶ್ನೆಗೆ 384 ಉತ್ತರವೇ ಅಲ್ಲ. ಅದು ‘ಶೇಕಡಾ ಎಷ್ಟು’ ಎಂಬ ಪ್ರಶ್ನೆಗೆ ಮಾಡಿದ ಲೆಕ್ಕ. ಹೋಲಿಕೆಗೆ ಬೇಕಾದದ್ದು ಎಷ್ಟು ದೊಡ್ಡ ಅಂತರವನ್ನು ಹಿಡಿಯಬೇಕು ಎಂಬುದರ ಮೇಲೆ ನಿಂತಿದೆ. ಅಂತರ ಮಾನಕ ವಿಚಲನೆಯ (ಒಬ್ಬೊಬ್ಬರ ಬಳಕೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿದೆ ಎಂಬ ಅಳತೆ) ಅರ್ಧದಷ್ಟಿದ್ದರೆ, ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು ಗುಂಪಿಗೆ 64 ಜನ ಸಾಕು. ಅಂತರ ಅದರ ಐದರಲ್ಲಿ ಒಂದು ಭಾಗದಷ್ಟು ಸಣ್ಣದಾದರೆ ಗುಂಪಿಗೆ 390ಕ್ಕೂ ಹೆಚ್ಚು ಬೇಕು. ಇವೂ ಚೀಟಿ ಎತ್ತಿದವರ ಲೆಕ್ಕವೇ.

‘ಸಾಫ್ಟ್‌ವೇರಿನಲ್ಲಿ ಏನಾದರೂ ಸರಿಪಡಿಸಬಹುದೇ?’ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಆ ದಾರಿ ತೋರಿಸುತ್ತಾರೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ತಮ್ಮ ಇಪ್ಪತ್ತೈದರ ವಯಸ್ಸಿನಲ್ಲಿ, 1945ರಲ್ಲಿ, ಒಂದು ಫಲಿತಾಂಶ ಪ್ರಕಟಿಸಿದರು. ಸ್ವೀಡನ್ನಿನ ಕ್ರೇಮರ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡದ್ದರಿಂದ ಇಬ್ಬರ ಹೆಸರೂ ಸೇರಿ ಕ್ರೇಮರ್–ರಾವ್ ಎಂದು ಜಗತ್ತೆಲ್ಲ ಓದುತ್ತದೆ. ಸರಳವಾಗಿ ಹೇಳುವುದಾದರೆ, ಒಂದು ಡೇಟಾದೊಳಗೆ ಇರುವ ಮಾಹಿತಿಗೆ ಮಿತಿ ಇದೆ. ಪಕ್ಷಪಾತವಿಲ್ಲದ ಯಾವ ಅಂದಾಜೂ, ಎಷ್ಟೇ ಜಾಣತನದಿಂದ ಮಾಡಿದರೂ, ಆ ಮಿತಿಗಿಂತ ನಿಖರವಾಗಲಾರದು. ಮೂರು ಕಾಲೇಜಿನ ಡೇಟಾದಲ್ಲಿ ಎಂಬತ್ತು ಕಾಲೇಜಿನ ಮಾಹಿತಿ ಇಲ್ಲ. ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ಸಾಫ್ಟ್‌ವೇರ್ ಅದನ್ನು ಎಲ್ಲಿಂದ ತರಬೇಕು?

ಈಗ ಮುಂದಿನ ಕೆಲಸ. ಈ 391ನ್ನು ಬಿಸಾಡಬೇಡಿ. ಇದನ್ನು ಪೂರ್ವಭಾವಿ ಅಧ್ಯಯನ ಎಂದು ಕರೆದು, ಅನುಕೂಲಕ್ಕೆ ಸಿಕ್ಕ ಮಾದರಿ ಎಂದು ಸ್ಪಷ್ಟವಾಗಿ ಬರೆಯಿರಿ. ಯಾವ ಪ್ರಶ್ನೆ ಮಕ್ಕಳಿಗೆ ಅರ್ಥವಾಗಲಿಲ್ಲ, ಯಾವುದಕ್ಕೆ ಎಲ್ಲರೂ ಒಂದೇ ಉತ್ತರ ಕೊಟ್ಟರು, ಯಾವುದನ್ನು ಖಾಲಿ ಬಿಟ್ಟರು ಎಂದು ನೋಡಿ ಪ್ರಶ್ನಾವಳಿ ತಿದ್ದಿಕೊಳ್ಳಿ. ಎಷ್ಟೋ ಪಿಎಚ್‌ಡಿಗಳಲ್ಲಿ ಪೂರ್ವಭಾವಿ ಅಧ್ಯಯನಕ್ಕೆ ಮೂವತ್ತು ಜನರೂ ಇರುವುದಿಲ್ಲ, ನಿಮಗೆ 391 ಇದೆ.

ಆಮೇಲೆ ಜಿಲ್ಲೆಯ ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ ಕಚೇರಿಗೆ ಹೋಗಿ ಎಂಬತ್ತೂ ಕಾಲೇಜುಗಳ ಪಟ್ಟಿ, ಪ್ರತಿಯೊಂದರ ದಾಖಲಾತಿ ಸಂಖ್ಯೆ ಕೇಳಿ ಪಡೆಯಿರಿ. ಮೊದಲು ಸರ್ಕಾರಿ ಕಾಲೇಜುಗಳು, ಆಮೇಲೆ ಅನುದಾನಿತ, ಕೊನೆಗೆ ಅನುದಾನರಹಿತ, ಈ ಕ್ರಮದಲ್ಲಿ ಬರೆದುಕೊಳ್ಳಿ. ಮೂರೂ ಬಗೆಯವು ತಮ್ಮ ಪಾಲಿಗೆ ತಕ್ಕಷ್ಟು ಬರಲು ಇದು ಸುಲಭದ ದಾರಿ. ದಾಖಲಾತಿಯನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗಿ. ಮೊದಲ ಕಾಲೇಜಿನಲ್ಲಿ 210 ಇದ್ದರೆ 210, ಎರಡನೆಯದರಲ್ಲಿ 90 ಇದ್ದರೆ 300, ಹೀಗೆ ಕೊನೆಗೆ 18,000 ತಲುಪುತ್ತೀರಿ. 20 ಕಾಲೇಜು ಬೇಕು, 18,000ವನ್ನು 20ರಿಂದ ಭಾಗಿಸಿದರೆ 900. 1ರಿಂದ 900ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, 256 ಬಂತು ಎನ್ನಿ. 256 ಯಾವ ಕಾಲೇಜಿನ ಕೂಡಿಕೆಯೊಳಗೆ ಬೀಳುತ್ತದೋ ಅದು ಮೊದಲನೆಯದು, ಅಂದರೆ ಈ ಉದಾಹರಣೆಯಲ್ಲಿ ಎರಡನೆಯ ಕಾಲೇಜು. ಆಮೇಲೆ 1,156, 2,056, ಹೀಗೆ 900 ಕೂಡಿಸುತ್ತ ಇಪ್ಪತ್ತು ಕಾಲೇಜು ಗುರುತಿಸಿ. ಪ್ರತಿ ಕಾಲೇಜಿನಲ್ಲೂ ಹಾಜರಿ ಪುಸ್ತಕ ತೆಗೆದು ಚೀಟಿ ಎತ್ತಿ 20 ಮಕ್ಕಳನ್ನು ಆರಿಸಿ.

ದೊಡ್ಡ ಕಾಲೇಜು ಆಯ್ಕೆಯಾಗುವ ಸಂಭವ ಹೆಚ್ಚಲ್ಲವೇ ಎಂದು ವೈವಾದಲ್ಲಿ ಕೇಳಬಹುದು. ಹೆಚ್ಚು, ಬೇಕೆಂದೇ ಹಾಗೆ ಮಾಡಿದ್ದು. 90 ಮಕ್ಕಳ ಕಾಲೇಜು ಆಯ್ಕೆಯಾಗುವ ಅವಕಾಶ ಹತ್ತರಲ್ಲಿ ಒಂದು, ಅಲ್ಲಿನ ಒಬ್ಬ ಹುಡುಗಿ ಆಯ್ಕೆಯಾಗಲು 90ರಲ್ಲಿ 20. ಎರಡನ್ನೂ ಗುಣಿಸಿದರೆ 45ರಲ್ಲಿ ಒಂದು. 450 ಮಕ್ಕಳ ಕಾಲೇಜಿಗೆ ಅವಕಾಶ ಎರಡರಲ್ಲಿ ಒಂದು, ಅಲ್ಲಿನ ಹುಡುಗನಿಗೆ 450ರಲ್ಲಿ 20. ಗುಣಿಸಿದರೆ ಮತ್ತೆ 45ರಲ್ಲಿ ಒಂದು. ಕುಗ್ರಾಮದ ಪುಟ್ಟ ಕಾಲೇಜಿನ ಹುಡುಗಿಗೂ ಜಿಲ್ಲಾ ಕೇಂದ್ರದ ದೊಡ್ಡ ಕಾಲೇಜಿನ ಹುಡುಗನಿಗೂ ನಿಮ್ಮ ಸಂಶೋಧನೆಯಲ್ಲಿ ಸಮಾನ ಸ್ಥಾನ. ಈ ಲೆಕ್ಕ ಕಂಡಾಗಲೆಲ್ಲ ನನಗೆ ಇಂದಿಗೂ ಸಂತೋಷವಾಗುತ್ತದೆ.

ಇದರ ಬೆಲೆ ಸುಮಾರು 138 ಎಂದು ಮೇಲೆ ಕಂಡೆವು, ಅಂದರೆ ಶೇ 8.3 ಆಚೀಚೆ. ಅಷ್ಟನ್ನೇ ಪ್ರಬಂಧದಲ್ಲಿ ಬರೆಯಿರಿ, 5 ಎಂದು ಬರೆಯಬೇಡಿ. ಸಮಯ, ಬಸ್ ಚಾರ್ಜು ಇದ್ದರೆ 40 ಕಾಲೇಜಿಗೆ ಹೋಗಿ 6.8ಕ್ಕೆ ಇಳಿಸಿ. ಪ್ರಶ್ನಾವಳಿ ಕಾಗದದ್ದೇ ಇರಲಿ, ಹೆಸರು ಬರೆಸಬೇಡಿ, ತುಂಬಿದ್ದನ್ನು ಮಡಚಿ ಮಕ್ಕಳೇ ಡಬ್ಬಿಗೆ ಹಾಕಲಿ. ಬಹುತೇಕ ಮಕ್ಕಳಿಗೆ 18 ತುಂಬಿರುವುದಿಲ್ಲ, ಪ್ರಿನ್ಸಿಪಾಲರ ಅನುಮತಿ ಜೊತೆ ಪೋಷಕರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ಕೊನೆಯದಾಗಿ ಒಂದು. ಬಹಳ ವರ್ಷಗಳ ಹಿಂದೆ ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಹಳ್ಳಿಯಲ್ಲಿ ಮನೆ ಸಮೀಕ್ಷೆಗೆ ಹೋಗಿದ್ದೆ. ಸುಗ್ಗಿಯ ಕಾಲ, ನಡುಮಧ್ಯಾಹ್ನ. ಪಟ್ಟಿಯಲ್ಲಿದ್ದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಯವರನ್ನು ಕೇಳಿ ಹಾಳೆ ತುಂಬಿಸಿದೆ. ಸಂಜೆ ಹಾಳೆಗಳನ್ನು ಜೋಡಿಸಿ ನೋಡಿದರೆ ಆ ಊರಿನಲ್ಲಿ ದುಡಿಯುವವರೇ ಇಲ್ಲ, ಎಲ್ಲ ವಯಸ್ಸಾದವರು ಮತ್ತು ಬಾಣಂತಿಯರು. ಹೊಲಕ್ಕೆ ಹೋದವರು ನನ್ನ ಲೆಕ್ಕದಿಂದಲೇ ಹೋಗಿಬಿಟ್ಟಿದ್ದರು. ನಿಮಗೂ ಇದು ಎದುರಾಗುತ್ತದೆ. ಚೀಟಿಯಲ್ಲಿ ಬಂದ ಇಪ್ಪತ್ತರಲ್ಲಿ ಮೂರ್ನಾಲ್ಕು ಮಕ್ಕಳು ಆ ದಿನ ಗೈರಾಗಿರುತ್ತಾರೆ, ಪಕ್ಕದ ಬೆಂಚಿನವರನ್ನು ಕೂರಿಸಿ ಸಂಖ್ಯೆ ತುಂಬಿಸೋಣ ಎಂದು ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಗೈರಾದವರ ಕ್ರಮಸಂಖ್ಯೆ ಬರೆದಿಟ್ಟುಕೊಂಡು ಇನ್ನೊಂದು ದಿನ ಹೋಗಿ, ಆಗಲೂ ಸಿಗದಿದ್ದರೆ ಮೂರನೆಯ ಸಲ ಹೋಗಿ. ಅಷ್ಟಾದರೂ ಸಿಗದವರು ಎಷ್ಟು ಜನ, ಯಾವ ಕಾಲೇಜಿನವರು ಎಂದು ಮೂರನೆಯ ಅಧ್ಯಾಯದಲ್ಲಿ ಒಂದು ಸಾಲು ಬರೆಯಿರಿ. ಆ ಸದಸ್ಯರು ಮತ್ತೆ ಬಂದಾಗ ಮೊದಲು ಓದುವುದು ಆ ಸಾಲನ್ನೇ.